ಶಿಕ್ಷಕರ ಪ್ರಶಿಕ್ಷಣದಲ್ಲಿ ತಂತ್ರಜ್ಞಾನ

ಶಿಕ್ಷಕರ ಪ್ರಶಿಕ್ಷಣದಲ್ಲಿ ತಂತ್ರಜ್ಞಾನ ಎಂಬುದು ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರು ಧ್ವನಿ, ಚಿತ್ರ, ಗಣಕಯಂತ್ರ, ಅಂತರಜಾಲ ಮೊದಲಾದ ಸಾಧನಗಳನ್ನು ತರಗತಿಯ ಬೋಧನೆಯಲ್ಲಿ ಬಳಸಲು ಕಲಿಯುವ ಅಧ್ಯಯನ ಹಾಗೂ ಅಭ್ಯಾಸದ ಕ್ಷೇತ್ರ. ಕರ್ನಾಟಕದಲ್ಲಿ ಡಿ.ಎಲ್.ಎಡ್. ಮತ್ತು ಬಿ.ಎಡ್. ವಿದ್ಯಾರ್ಥಿಗಳನ್ನು ಪ್ರಶಿಕ್ಷಣಾರ್ಥಿಗಳು ಎಂದು ಕರೆಯುವ ರೂಢಿಯಿದೆ. ಯಂತ್ರವನ್ನು ನಡೆಸಲು ಬರುವುದಕ್ಕೂ ಯಂತ್ರವನ್ನು ಇಟ್ಟುಕೊಂಡು ಪಾಠ ಮಾಡಲು ಬರುವುದಕ್ಕೂ ನಡುವೆ ಇರುವ ಅಂತರವೇ ಈ ಕ್ಷೇತ್ರದ ಮುಖ್ಯ ಪ್ರಶ್ನೆಯಾಗಿದೆ. ಮೊದಲನೆಯದನ್ನು ಇಂದಿನ ಯುವಕ ಯುವತಿಯರು ಕಾಲೇಜಿಗೆ ಬರುವ ಮುನ್ನವೇ ಬಲ್ಲವರಾಗಿರುತ್ತಾರೆ. ಎರಡನೆಯದು ಅಭ್ಯಾಸಶಾಲೆಯಲ್ಲಿ, ಮಕ್ಕಳ ಎದುರಿನಲ್ಲಿ ಮಾತ್ರ ಸಿದ್ಧಿಸುವಂಥದ್ದು.

ಹಿನ್ನೆಲೆ

ತರಗತಿಗೆ ಹೊಸ ಸಾಧನ ಬರುವುದು ಹೊಸ ಸಂಗತಿಯೇನಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿತು. ಬಾಯಿಪಾಠದಿಂದಲೂ ಓಲೆಗರಿಯಿಂದಲೂ ಕಲಿಯುತ್ತಿದ್ದ ಮಕ್ಕಳ ಕೈಗೆ ಒಂದೇ ಬಗೆಯ ಅಚ್ಚಿನ ಪುಸ್ತಕ ಬಂದಾಗ ಉಪಾಧ್ಯಾಯರ ಕೆಲಸವೂ ಬದಲಾಯಿತು. ಅದುವರೆಗೆ ಪಾಠವನ್ನು ಹೇಳಿಕೊಡುತ್ತಿದ್ದವರು ಆಮೇಲೆ ಪುಸ್ತಕವನ್ನು ಓದಿಸುವವರಾದರು. ಇಂದಿನ ಪರದೆಯ ವಿಷಯದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಅಂದಿನ ಅಚ್ಚುಪುಸ್ತಕದ ವಿಷಯದಲ್ಲಿಯೂ ಕೇಳಬಹುದಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಚಲನಚಿತ್ರ, ರೇಡಿಯೊ, ದೂರದರ್ಶನಗಳು ಒಂದರ ಹಿಂದೊಂದರಂತೆ ಶಾಲೆಯ ಬಾಗಿಲಿಗೆ ಬಂದವು. ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯಿತು, ಇನ್ನು ಚಲನಚಿತ್ರವೇ ಕಲಿಸುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲಿಯೇ ಭವಿಷ್ಯ ನುಡಿದಿದ್ದರು. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರ ತಮ್ಮ ಗ್ರಂಥದಲ್ಲಿ ಈ ಸಾಧನಗಳ ಕಥೆಯನ್ನು ವಿವರಿಸಿದ್ದಾರೆ. ಆರಂಭದಲ್ಲಿ ದೊಡ್ಡ ಭರವಸೆ, ಅನಂತರ ವಿರಳ ಬಳಕೆ, ಕೊನೆಗೆ ಶಿಕ್ಷಕರ ಮೇಲೆ ದೂರು ಎಂಬ ಕ್ರಮ ಪ್ರತಿಯೊಂದು ಸಾಧನದ ವಿಷಯದಲ್ಲಿಯೂ ಮರುಕಳಿಸಿದೆ ಎಂಬುದು ಅವರ ವಾದದ ತಿರುಳು.

ಭಾರತದಲ್ಲಿ ತಂತ್ರಜ್ಞಾನದ ಮೂಲಕ ಶಿಕ್ಷಕರಿಗೇ ತರಬೇತಿ ನೀಡಿದ ಮೊದಲ ದೊಡ್ಡ ಪ್ರಯತ್ನ ಸೈಟ್ ಎಂದು ಹೆಸರಾದ ಉಪಗ್ರಹ ದೂರದರ್ಶನ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಈ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಇದರ ವ್ಯಾಪ್ತಿಗೆ ಬಂದಿದ್ದವು. 1975ರ ಅಕ್ಟೋಬರಿನಲ್ಲಿ ಸುಮಾರು 24 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಇದೇ ಮಾರ್ಗದಿಂದ ನೀಡಲಾಯಿತು. ದೂರದರ್ಶನದ ಪಾಠದ ಜೊತೆಗೆ ರೇಡಿಯೊ, ಮುದ್ರಿತ ಕೈಪಿಡಿ ಮತ್ತು ಕೈಯಾರೆ ಮಾಡಿ ನೋಡುವ ಪ್ರಯೋಗಗಳೂ ಇದರಲ್ಲಿ ಸೇರಿದ್ದವು ಎಂಬುದು ಗಮನಿಸಬೇಕಾದ ಅಂಶ. ಕರಾವಳಿಯಲ್ಲಿ ಆ ಕಾಲದ ಸಾಧನ ರೇಡಿಯೊ. ಮಂಗಳೂರು ಆಕಾಶವಾಣಿ ಕೇಂದ್ರ 1976ರ ಡಿಸೆಂಬರ್ 11ರಂದು ಆರಂಭವಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹವನ್ನು ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳಿಗಾಗಿ ಚಾಮರಾಜನಗರ ಜಿಲ್ಲೆಯಲ್ಲಿ ಬಳಸಲಾಯಿತು.

ಗಣಕಯಂತ್ರವು 1984-85ರ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯೊಂದಿಗೆ ಭಾರತದ ಆಯ್ದ ಶಾಲೆಗಳಿಗೆ ಬಂದಿತು. ಆಗ ಬಳಸಿದುದು ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಯಂತ್ರಗಳನ್ನು. ಕರ್ನಾಟಕ ಸರ್ಕಾರ 2001ರಲ್ಲಿ ಮಾಹಿತಿ ಸಿಂಧು ಯೋಜನೆಯನ್ನು ಆರಂಭಿಸಿ ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿತು. ಯಂತ್ರಗಳನ್ನೂ ಬೋಧಕರನ್ನೂ ಒದಗಿಸುವ ಹೊಣೆಯನ್ನು ಗುತ್ತಿಗೆಯ ಮೂಲಕ ಖಾಸಗಿ ಸಂಸ್ಥೆಗಳಿಗೆ ವಹಿಸಲಾಯಿತು. ಇದರ ಪರಿಣಾಮವಾಗಿ ಗಣಕದ ಕೋಣೆ ಶಾಲೆಯೊಳಗಿದ್ದರೂ ಶಾಲೆಯ ಶಿಕ್ಷಕರಿಗೆ ಹೊರಗಿನದಾಗಿಯೇ ಉಳಿಯಿತು. ಗಣಿತದ ಶಿಕ್ಷಕರು ಗಣಿತವನ್ನೂ ಗಣಕದ ಬೋಧಕರು ಗಣಕವನ್ನೂ ಕಲಿಸಿದರು. ಗಣಕದಿಂದ ಗಣಿತವನ್ನು ಕಲಿಸುವವರು ಯಾರೂ ಇರಲಿಲ್ಲ.

ನೆರೆಯ ಕೇರಳದ ಐಟಿ@ಸ್ಕೂಲ್ ಯೋಜನೆ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಮುಕ್ತ ತಂತ್ರಾಂಶಗಳನ್ನು ಬಳಸಿ, ತಮ್ಮ ತಮ್ಮ ವಿಷಯವನ್ನು ಗಣಕದ ನೆರವಿನಿಂದ ಬೋಧಿಸುವಂತೆ ಮಾಡಲಾಯಿತು. 2017ರಲ್ಲಿ ಇದು ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳು ಈ ವ್ಯವಸ್ಥೆಯೊಳಗೇ ಇವೆ. 2020ರ ಜೂನ್ 1ರಂದು ಆರಂಭವಾದ ಫಸ್ಟ್ ಬೆಲ್ ತರಗತಿಗಳಿಗೆ ಕನ್ನಡದ ಪಾಠಗಳೂ ಸಿದ್ಧವಾದವು. ಗುತ್ತಿಗೆಯ ಮಾದರಿ ಮತ್ತು ಶಿಕ್ಷಕರನ್ನೇ ಒಳಗೊಳ್ಳುವ ಮಾದರಿ ಎಂಬ ಈ ಎರಡನ್ನು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಹೋಲಿಸಿ ಅಧ್ಯಯನ ಮಾಡಿ, ಎರಡನೆಯದರ ಪರವಾಗಿ ವಾದಿಸಿತು. ಮುಂದೆ ಕರ್ನಾಟಕದಲ್ಲಿಯೂ 2011ರ ಸುಮಾರಿಗೆ ವಿಷಯ ಶಿಕ್ಷಕರ ವೇದಿಕೆಗಳು ರೂಪುಗೊಂಡವು. 2016-17ರ ಸುಮಾರಿಗೆ ಟಾಲ್ಪ್ ಎಂದು ಪ್ರಸಿದ್ಧವಾದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ ಬಂದಿತು. ಇದರಡಿ ಪ್ರೌಢಶಾಲಾ ಶಿಕ್ಷಕರು ಡಯಟ್‌ಗಳಲ್ಲಿ ತರಬೇತಿ ಪಡೆದರು.

ಪಠ್ಯಕ್ರಮದಲ್ಲಿ ಸ್ಥಾನ

ಮೇಲೆ ಹೇಳಿದ ತರಬೇತಿಗಳಲ್ಲಿ ಬಹುಪಾಲು ಈಗಾಗಲೇ ವೃತ್ತಿಯಲ್ಲಿರುವ ಶಿಕ್ಷಕರಿಗೆ ಸಂಬಂಧಿಸಿದವು. ವೃತ್ತಿಗೆ ಬರಲಿರುವವರ ಪಠ್ಯಕ್ರಮವನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬದಲಾಯಿಸಿದವು. ಬಿ.ಎಡ್. ಎರಡು ವರ್ಷಗಳ ಶಿಕ್ಷಣವಾಯಿತು. ವೃತ್ತಿ ಸಾಮರ್ಥ್ಯವನ್ನು ಬೆಳೆಸುವ ನಾಲ್ಕು ಪತ್ರಿಕೆಗಳಲ್ಲಿ ಮೂರನೆಯದಾಗಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆ ಎಂಬ ವಿಷಯ ಸೇರಿತು. ಶಾಲಾ ಅನುಭವದ ಅವಧಿ ಕನಿಷ್ಠ 20 ವಾರಗಳಿಗೆ ಏರಿತು.

ಪತ್ರಿಕೆಯ ಹೆಸರಿನಲ್ಲಿರುವ ವಿಮರ್ಶಾತ್ಮಕ ಎಂಬ ಪದ ಮುಖ್ಯವಾದುದು. ಆದರೆ ಆಚರಣೆಯಲ್ಲಿ ಅದೇ ಮೊದಲು ಬಿಟ್ಟುಹೋಗುವ ಪದ. ಗಣಕದ ಭಾಗಗಳು, ಸ್ಲೈಡುಗಳನ್ನು ತಯಾರಿಸುವ ಬಗೆ, ಮಿಂಚಂಚೆ ಕಳುಹಿಸುವ ಕ್ರಮ ಇವುಗಳನ್ನು ಒಪ್ಪಿಸುವ ದಾಖಲೆ ಪುಸ್ತಕವಷ್ಟೇ ತಯಾರಾದರೆ ಪ್ರಶಿಕ್ಷಣಾರ್ಥಿ ಪರೀಕ್ಷೆಯನ್ನು ದಾಟಬಹುದು. ತರಗತಿಯಲ್ಲಿ ಅದರಿಂದ ಪ್ರಯೋಜನ ಅಲ್ಪ. ಪ್ರೊಜೆಕ್ಟರ್ ಗೋಡೆಯ ಮೇಲೆ ಬೆಳಗುವುದು ವೀಕ್ಷಕರು ಬರುವ ದಿನ ಮಾತ್ರ ಎಂಬ ಮಾತು ಪ್ರಶಿಕ್ಷಣ ಕಾಲೇಜುಗಳ ವಲಯದಲ್ಲಿ ಹಾಸ್ಯವಾಗಿ ಪ್ರಚಲಿತವಿದೆ. ಹಾಸ್ಯದ ಹಿಂದೆ ಅಷ್ಟಿಷ್ಟು ಸತ್ಯವೂ ಇದೆ.

ಮೂರು ಬಗೆಯ ಜ್ಞಾನ

ಈ ಕ್ಷೇತ್ರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಿದ್ಧಾಂತ ಟಿಪ್ಯಾಕ್ ಎಂದು ಹೆಸರಾದುದು. ವಿಷಯಜ್ಞಾನ ಬೇರೆ, ಬೋಧನಾಜ್ಞಾನ ಬೇರೆ ಎಂದು ಎಣಿಸುತ್ತಿದ್ದ ಕಾಲದಲ್ಲಿ ಲೀ ಶುಲ್ಮನ್ 1986ರಲ್ಲಿ ಇವೆರಡೂ ಕೂಡುವ ಒಂದು ವಿಶೇಷ ಜ್ಞಾನವಿದೆ ಎಂದು ತೋರಿಸಿಕೊಟ್ಟರು. ಭಿನ್ನರಾಶಿಯನ್ನು ಬಲ್ಲವರೆಲ್ಲರಿಗೂ, ಮಗು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತದೆ ಎಂಬುದು ತಿಳಿದಿರುವುದಿಲ್ಲ. ಅದನ್ನು ತಿಳಿದವರು ಶಿಕ್ಷಕರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಇದಕ್ಕೆ ತಂತ್ರಜ್ಞಾನವನ್ನು ಮೂರನೆಯ ಅಂಶವಾಗಿ ಸೇರಿಸಿದರು. ಅವರ ಪ್ರಕಾರ ಸಾಧನದ ಆಯ್ಕೆ ವಿಷಯವನ್ನೂ ಮಕ್ಕಳನ್ನೂ ಅವಲಂಬಿಸಿರುವುದರಿಂದ, ಎಲ್ಲ ಪಾಠಕ್ಕೂ ಸಲ್ಲುವ ಒಂದೇ ಪರಿಹಾರವಿಲ್ಲ.

ಯುನೆಸ್ಕೊ ಸಂಸ್ಥೆಯೂ ಶಿಕ್ಷಕರ ತಂತ್ರಜ್ಞಾನ ಸಾಮರ್ಥ್ಯಕ್ಕೆ ಚೌಕಟ್ಟೊಂದನ್ನು ರೂಪಿಸಿದ್ದು, ಅದರ ಮೂರನೆಯ ಆವೃತ್ತಿ 2018ರಲ್ಲಿ ಪ್ರಕಟವಾಯಿತು.

ಒಂದು ಪಾಠದ ನಿದರ್ಶನ: ಬಿಕರ್ನಕಟ್ಟೆಯ ನಕ್ಷೆ

ಸಿದ್ಧಾಂತದ ಅರ್ಥ ಸ್ಪಷ್ಟವಾಗಲು ಒಂದು ಕಲ್ಪಿತ ನಿದರ್ಶನವನ್ನು ಪರಿಶೀಲಿಸಬಹುದು. ಬಿಕರ್ನಕಟ್ಟೆ ಮಂಗಳೂರು ನಗರದ ಪೂರ್ವ ಭಾಗದಲ್ಲಿ, ನಂತೂರು ಮತ್ತು ಕುಲಶೇಖರಗಳ ನಡುವೆ, ಮೂಡುಬಿದಿರೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಪ್ರದೇಶ. ದಕ್ಷಿಣದಲ್ಲಿ ನೇತ್ರಾವತಿ, ಉತ್ತರದಲ್ಲಿ ಫಲ್ಗುಣಿ. ನಡುವಿನ ಎತ್ತರದ ಮುರಕಲ್ಲಿನ ನೆಲ. ಬಾಲ ಯೇಸುವಿನ ಪುಣ್ಯಕ್ಷೇತ್ರದಿಂದಾಗಿ ಊರಿನ ಹೆಸರು ದೂರದವರಿಗೂ ಪರಿಚಿತ. ಇಲ್ಲಿಯ ಶಾಲೆಯೊಂದಕ್ಕೆ ಅಭ್ಯಾಸಬೋಧನೆಗೆ ಬಂದ ಪ್ರಶಿಕ್ಷಣಾರ್ಥಿಯೊಬ್ಬರು ಸಮಾಜ ವಿಜ್ಞಾನದಲ್ಲಿ ನಕ್ಷೆಯನ್ನು ಓದುವ ಪಾಠ ಮಾಡಬೇಕಾಗಿದೆ ಎಂದು ಇಟ್ಟುಕೊಳ್ಳೋಣ.

ಸುಲಭವಾದ ದಾರಿ ಉಪಗ್ರಹ ಚಿತ್ರವನ್ನು ಪರದೆಯ ಮೇಲೆ ತೋರಿಸುವುದು. ಮಕ್ಕಳು ಕೌತುಕದಿಂದ ನೋಡುತ್ತಾರೆ, ತಮ್ಮ ಮನೆಯ ಮಾಡನ್ನು ಹುಡುಕುತ್ತಾರೆ, ಅವಧಿ ಮುಗಿಯುತ್ತದೆ. ದಿಕ್ಕು, ಅಳತೆ, ಸಂಕೇತ ಎಂಬ ಮೂರರಲ್ಲಿ ಒಂದೂ ಮನಸ್ಸಿಗೆ ಇಳಿದಿರುವುದಿಲ್ಲ. ಇದೇ ಚಿತ್ರವನ್ನು ಎರಡನೆಯ ಅವಧಿಗೆ ಮುಂದೂಡಿದರೆ ಪಾಠದ ರೂಪ ಬೇರೆಯಾಗುತ್ತದೆ. ಮೊದಲು ಮಕ್ಕಳು ತಾವು ಶಾಲೆಗೆ ಬರುವ ದಾರಿಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಲಿ. ಒಬ್ಬನ ನಕ್ಷೆಯಲ್ಲಿ ಕುಲಶೇಖರ ಹತ್ತಿರವಿರುತ್ತದೆ, ಇನ್ನೊಬ್ಬಳ ನಕ್ಷೆಯಲ್ಲಿ ದೂರ. ಯಾರದು ಸರಿ ಎಂಬ ಜಗಳ ಹುಟ್ಟಿದ ಮೇಲೆ ಉಪಗ್ರಹದ ಚಿತ್ರ ಬಂದರೆ ಅದು ತೀರ್ಪು ಹೇಳುವ ಸಾಧನವಾಗುತ್ತದೆ. ಅಳತೆ ಎಂಬುದು ಯಾಕೆ ಬೇಕು ಎಂಬುದನ್ನು ಆಗ ಶಿಕ್ಷಕರು ವಿವರಿಸಬೇಕಾಗಿಯೇ ಇಲ್ಲ.

ಇನ್ನೊಂದು ಸಮಸ್ಯೆ ಊರಿನ ಹೆಸರುಗಳಲ್ಲಿದೆ. ಬಿಕರ್ನಕಟ್ಟೆಯ ಕೂಡುರಸ್ತೆಯನ್ನು ಕೈಕಂಬ ಎನ್ನುತ್ತಾರೆ. ಮಗು ಅಂತರಜಾಲದ ನಕ್ಷೆಯಲ್ಲಿ ಬರಿಯ ಕೈಕಂಬ ಎಂದು ಹುಡುಕಿದರೆ ಗುರುಪುರ ಕೈಕಂಬವೋ ಬಿ.ಸಿ. ರೋಡಿನ ಕೈಕಂಬವೋ ಎದುರಾಗಬಹುದು. ದಕ್ಷಿಣ ಕನ್ನಡದಲ್ಲಿ ರಸ್ತೆಗಳು ಕವಲೊಡೆಯುವ ಹಲವು ಸ್ಥಳಗಳಿಗೆ ಈ ಹೆಸರಿರುವುದನ್ನು ಯಂತ್ರ ತಾನಾಗಿ ಹೇಳುವುದಿಲ್ಲ. ಬಿಕರ್ನಕಟ್ಟೆ ಎಂಬ ಹೆಸರನ್ನೂ ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದರಿಂದ ಕನ್ನಡದಲ್ಲಿ ಹುಡುಕಿದಾಗ ಸಿಗುವುದೂ ಇಂಗ್ಲಿಷಿನಲ್ಲಿ ಹುಡುಕಿದಾಗ ಸಿಗುವುದೂ ಒಂದೇ ಆಗಿರುವುದಿಲ್ಲ. ಪ್ರಶಿಕ್ಷಣಾರ್ಥಿ ಘಟ್ಟದ ಮೇಲಿನವರಾಗಿದ್ದರೆ ಇಲ್ಲಿ ಮಕ್ಕಳೇ ಅವರಿಗೆ ಗುರುಗಳು. ಈ ಭಾಗದಲ್ಲಿ ಮತ್ತೆ ಮತ್ತೆ ಕಾಣಿಸುವ ಪದವು ಎಂಬ ಹೆಸರಿಗೆ ತುಳುವಿನಲ್ಲಿ ಎತ್ತರದ ಬಯಲುಭೂಮಿ ಎಂಬ ಅರ್ಥವಿದೆ. ನಕ್ಷೆಯ ಮೇಲಿನ ಎತ್ತರದ ಗೆರೆಗಳನ್ನು ಹತ್ತು ನಿಮಿಷ ವಿವರಿಸುವುದಕ್ಕಿಂತ, ಮಗುವೊಂದು ಮನೆಯಲ್ಲಿ ಅಜ್ಜಿಯನ್ನು ಕೇಳಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ತಂದ ಎರಡು ವಾಕ್ಯ ಹೆಚ್ಚು ಕೆಲಸ ಮಾಡೀತು. ಮನೆಮಾತು ತುಳು, ಕೊಂಕಣಿ, ಬ್ಯಾರಿ ಆಗಿರುವ ಮಕ್ಕಳಿರುವ ತರಗತಿಯಲ್ಲಿ ಧ್ವನಿಮುದ್ರಣವು ಚಿತ್ರಕ್ಕಿಂತ ಬೆಲೆಯುಳ್ಳ ಸಾಧನ ಎಂಬುದನ್ನು ಕರಾವಳಿಯ ಪ್ರಶಿಕ್ಷಣ ಸಂಸ್ಥೆಗಳು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ತನ್ನ ಪಾಠವನ್ನು ತಾನೇ ನೋಡುವುದು

ತಂತ್ರಜ್ಞಾನವು ಪ್ರಶಿಕ್ಷಣಾರ್ಥಿಯ ಸ್ವಂತ ಕಲಿಕೆಗೂ ಸಾಧನವಾಗುತ್ತದೆ. ಅಣುಬೋಧನೆ ಎಂಬ ತರಬೇತಿ ಕ್ರಮ 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡ್ವೈಟ್ ಆಲನ್ ಮತ್ತು ಸಹೋದ್ಯೋಗಿಗಳಿಂದ ರೂಪುಗೊಂಡಿತು. ಒಂದೇ ಕೌಶಲವನ್ನು ಆರಿಸಿಕೊಂಡು ಚಿಕ್ಕ ಗುಂಪಿಗೆ ಕೆಲವೇ ನಿಮಿಷ ಪಾಠ ಮಾಡಿ, ಅದರ ಚಿತ್ರಮುದ್ರಣವನ್ನು ನೋಡಿ ತಿದ್ದಿಕೊಳ್ಳುವುದು ಇದರ ತಿರುಳು. ಭಾರತದಲ್ಲಿ ಎನ್‌ಸಿಇಆರ್‌ಟಿ ಬಳಕೆಗೆ ತಂದ ಮಾದರಿಯಲ್ಲಿ ಪಾಠಕ್ಕೆ 6 ನಿಮಿಷ, ವಿಮರ್ಶೆಗೆ 6, ಮರುಯೋಜನೆಗೆ 12, ಮರುಪಾಠಕ್ಕೆ 6, ಮರುವಿಮರ್ಶೆಗೆ 6 ಎಂದು ಒಟ್ಟು 36 ನಿಮಿಷಗಳ ಚಕ್ರವಿದೆ. ನಮ್ಮಲ್ಲಿ ಕ್ಯಾಮೆರಾ ದುಬಾರಿಯಾಗಿದ್ದುದರಿಂದ ಸಹಪಾಠಿಗಳೇ ಮಕ್ಕಳಂತೆ ಕುಳಿತು, ಅವಲೋಕನ ಪಟ್ಟಿಯಲ್ಲಿ ಗುರುತು ಹಾಕುವ ಪದ್ಧತಿ ನೆಲೆಯೂರಿತು. ಆಲನ್‌ರ ಮೂಲ ಕಲ್ಪನೆಯಲ್ಲಿದ್ದ ಚಿತ್ರಮುದ್ರಣ ಈಗ ಮೊಬೈಲಿನಿಂದಾಗಿ ಎಲ್ಲರ ಕೈಗೂ ಎಟುಕಿದೆ. ಆದರೂ ಅವಲೋಕನ ಪಟ್ಟಿಯ ಪದ್ಧತಿಯೇ ಹಲವೆಡೆ ಮುಂದುವರಿದಿದೆ.

ಇದರಿಂದ ಏನು ಲಾಭ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಮೇರಿ ಬಡ್ ರೋ ಎಂಬ ಸಂಶೋಧಕಿ ಧ್ವನಿಮುದ್ರಣಗಳ ನೆರವಿನಿಂದ ಅಳೆದರು. ಸರಾಸರಿ ಸುಮಾರು ಒಂದು ಸೆಕೆಂಡ್ ಮಾತ್ರ. 1974ರಲ್ಲಿ ಪ್ರಕಟವಾದ ಆಕೆಯ ಲೇಖನದ ಪ್ರಕಾರ ಈ ಮೌನವನ್ನು ಮೂರು ಸೆಕೆಂಡುಗಳಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಪ್ರಶಿಕ್ಷಣಾರ್ಥಿ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ಅವಧಿಯ ಧ್ವನಿಯನ್ನು ಮುದ್ರಿಸಿಕೊಂಡು ಸಂಜೆ ಕೇಳಿದರೆ, ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿದ್ದು ಎಷ್ಟು ಸಲ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಇದಕ್ಕೆ ಪ್ರೊಜೆಕ್ಟರ್ ಬೇಡ, ಅಂತರಜಾಲ ಬೇಡ. ತರಬೇತಿಯ ಅವಧಿಯಲ್ಲಿ ತಂತ್ರಜ್ಞಾನದ ಅತ್ಯಂತ ಲಾಭದಾಯಕ ಬಳಕೆ ಇದೇ ಎಂದು ಹೇಳಿದರೆ ಅತಿಶಯೋಕ್ತಿಯಾಗದು.

ಕನ್ನಡ ಲಿಪಿ ಮತ್ತು ಪಾಠಸಾಮಗ್ರಿ

ಕನ್ನಡ ಮಾಧ್ಯಮದ ಪ್ರಶಿಕ್ಷಣಾರ್ಥಿಗಳು ಇಂಗ್ಲಿಷ್ ಮಾಧ್ಯಮದವರಿಗಿಲ್ಲದ ಒಂದು ತೊಡಕನ್ನು ಎದುರಿಸುತ್ತ ಬಂದಿದ್ದಾರೆ. ಗಣಕದಲ್ಲಿ ಕನ್ನಡವನ್ನು ಮೂಡಿಸುವ ಕೆಲಸದಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಪಾತ್ರ ದೊಡ್ಡದು. ಉಚ್ಚಾರಣೆಗೆ ಹೊಂದುವ ಅವರ ಕೀಲಿಮಣೆ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾಯಿತು. ಆದರೆ ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಆಯಾ ಅಕ್ಷರಶೈಲಿಗೆ ಬದ್ಧವಾಗಿ ಉಳಿಸಿದ ಬರೆಹ, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಚೆನ್ನಾಗಿ ಕಂಡ ಪಾಠ ಅಭ್ಯಾಸಶಾಲೆಯಲ್ಲಿ ಕೈಕೊಡುವುದಕ್ಕೆ ಇದು ಸಾಮಾನ್ಯ ಕಾರಣ. 1991ರಿಂದಲೇ ಕನ್ನಡ ಲಿಪಿಯನ್ನು ಒಳಗೊಂಡಿರುವ ಯೂನಿಕೋಡ್‌ನಲ್ಲಿ ಬರೆದರೆ ಈ ಸಮಸ್ಯೆಯಿಲ್ಲ. ಪ್ರಶಿಕ್ಷಣಾರ್ಥಿ ಮೊದಲ ವಾರದಲ್ಲಿಯೇ ರೂಢಿಸಿಕೊಳ್ಳಬೇಕಾದ ಅಭ್ಯಾಸ ಇದು.

ಇಂಗ್ಲಿಷಿನಿಂದ ಯಂತ್ರದ ಮೂಲಕ ಅನುವಾದಿಸಿದ ಸಾಮಗ್ರಿಯನ್ನು ಹಾಗೆಯೇ ಪರದೆಗೆ ತರುವುದು ಈಚೆಗೆ ಹೆಚ್ಚುತ್ತಿದೆ. ಪಠ್ಯಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಎಂದಿರುವುದು ಪರದೆಯ ಮೇಲೆ ಬೇರೊಂದು ಪದವಾಗಿ ಬಂದರೆ ಮಗುವಿಗೆ ಎರಡೂ ಒಂದೇ ಎಂದು ತಿಳಿಯುವುದಾದರೂ ಹೇಗೆ? ಪಾರಿಭಾಷಿಕ ಪದಗಳನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡುವುದು ಪಾಠಯೋಜನೆಯ ಭಾಗವಾಗಬೇಕು.

ಕಟ್ಟಡ, ಮಳೆ, ವಿದ್ಯುತ್ತು

ತರಬೇತಿ ಪುಸ್ತಕಗಳು ಹೇಳದ ಸಂಗತಿಗಳೂ ಇವೆ. ಕರಾವಳಿಯ ಹಳೆಯ ಶಾಲೆಗಳು ಮಂಗಳೂರು ಹಂಚಿನ ಮಾಡಿನವು. ಬೆಳಕಿಗಾಗಿ ನಡುನಡುವೆ ಗಾಜಿನ ಹಂಚು ಇಟ್ಟಿರುತ್ತಾರೆ. ಓದಿ ಬರೆಯುವುದಕ್ಕೆ ಅತ್ಯುತ್ತಮವಾದ ಈ ಬೆಳಕಿನಲ್ಲಿ ಪ್ರೊಜೆಕ್ಟರಿನ ಚಿತ್ರ ಮಸುಕಾಗಿ ಕಾಣುತ್ತದೆ. ತಗಡಿನ ಮಾಡಿದ್ದರೆ ಆಷಾಢದ ಮಳೆಯ ಸದ್ದಿನಲ್ಲಿ ಧ್ವನಿವರ್ಧಕವೂ ಕೇಳಿಸದು. ಮುಂಗಾರಿನ ಮೊದಲು ಮತ್ತು ಅಕ್ಟೋಬರಿನ ಹೊತ್ತಿಗೆ ಬರುವ ಸಿಡಿಲಿಗೆ ಗಣಕ, ಮೋಡೆಮ್‌ಗಳು ಸುಟ್ಟುಹೋಗುವುದು ಜಿಲ್ಲೆಯಲ್ಲಿ ಅಪರೂಪವಲ್ಲ. ಗುಡುಗು ಕೇಳಿದೊಡನೆ ತಂತಿಗಳನ್ನು ಕಳಚುವುದನ್ನು ಪ್ರಶಿಕ್ಷಣಾರ್ಥಿಗೂ ಕಲಿಸಬೇಕು. ಆದುದರಿಂದ ಪಾಠಯೋಜನೆಯಲ್ಲಿ ಎರಡು ಅಂಕಣಗಳಿರುವುದು ಒಳ್ಳೆಯದು: ವಿದ್ಯುತ್ತು ಇದ್ದಾಗ ಒಂದು, ಇಲ್ಲದಾಗ ಒಂದು. ಎರಡನೆಯ ಅಂಕಣವನ್ನು ತುಂಬಲಾಗದಿದ್ದರೆ ಪಾಠದ ಉದ್ದೇಶವೇ ಪ್ರಶಿಕ್ಷಣಾರ್ಥಿಗೆ ಸ್ಪಷ್ಟವಾಗಿಲ್ಲ ಎಂದು ಮಾರ್ಗದರ್ಶಕರು ತಿಳಿಯಬಹುದು.

ಮೊಬೈಲ್ ಇಲ್ಲದ ಮಗು

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಈ ಕ್ಷೇತ್ರದ ಅತ್ಯಂತ ಕಠಿಣ ಪರೀಕ್ಷೆ ನಡೆಯಿತು. ಕರ್ನಾಟಕದಲ್ಲಿ ಚಂದನ ವಾಹಿನಿಯ ಮೂಲಕ ಸಂವೇದ ಪಾಠಗಳು ಪ್ರಸಾರವಾದವು. ಶಿಕ್ಷಕರು ಮಕ್ಕಳಿದ್ದ ಕಡೆಗೇ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಕಲಿಸುವ ವಿದ್ಯಾಗಮ ಕಾರ್ಯಕ್ರಮವೂ ನಡೆಯಿತು. ಮನೆಯಲ್ಲಿ ಒಂದೇ ಮೊಬೈಲ್, ಅದೂ ಕೆಲಸಕ್ಕೆ ಹೋದ ತಂದೆಯ ಕೈಯಲ್ಲಿ ಇರುವ ಮಗುವಿಗೆ ಅಂತರಜಾಲದ ತರಗತಿ ಇದ್ದೂ ಇಲ್ಲದಂತೆ. ಶಾಲೆಗಳು ತೆರೆದ ಮೇಲೆಯೂ ಈ ಪ್ರಶ್ನೆ ಮುಗಿದಿಲ್ಲ. ವಾಟ್ಸಾಪ್ ಗುಂಪಿಗೆ ಮನೆಗೆಲಸವನ್ನು ಹಾಕುವ ಪ್ರಶಿಕ್ಷಣಾರ್ಥಿ, ಗುಂಪಿನಲ್ಲಿ ಇಲ್ಲದ ಮಕ್ಕಳ ಹೆಸರನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಆ ಮಕ್ಕಳಿಗೆ ಅದೇ ಕೆಲಸ ಕರಿಹಲಗೆಯ ಮೇಲೆ ಸಿಗಬೇಕು.

ಮಕ್ಕಳ ಚಿತ್ರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅಭ್ಯಾಸ ಪಾಠದ ವೀಡಿಯೊವನ್ನು ಸ್ವಂತ ಪರಿಶೀಲನೆಗೆ ಬಳಸುವುದು ಬೇರೆ, ಸಾಮಾಜಿಕ ಜಾಲತಾಣಕ್ಕೆ ಏರಿಸುವುದು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ದತ್ತಾಂಶವನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂಬ ತತ್ತ್ವವನ್ನು ಅಂಗೀಕರಿಸಿದೆ. ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಅನುಮತಿಯಿಲ್ಲದೆ ಮುದ್ರಣ ಮಾಡಬಾರದು. ಧ್ವನಿಮುದ್ರಣವಷ್ಟೇ ಸಾಕಾಗುವಲ್ಲಿ ಚಿತ್ರಮುದ್ರಣ ಬೇಡ.

ಲಭ್ಯ ಸಾಧನಗಳು

2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ಜಾಲತಾಣದಲ್ಲಿ ಪಠ್ಯಪುಸ್ತಕಗಳಿಗೆ ಸಂಬಂಧಿಸಿದ ಸಾಮಗ್ರಿಯಿದೆ. ಪುಸ್ತಕದಲ್ಲಿ ಮುದ್ರಿಸಿರುವ ಕ್ಯೂಆರ್ ಸಂಕೇತದಿಂದ ಅದನ್ನು ತಲುಪಬಹುದು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಶಿಕ್ಷಕರೇ ಬರೆದ ಕನ್ನಡದ ಪಾಠಸಾಮಗ್ರಿ ದೊರೆಯುತ್ತದೆ. ರೇಖಾಗಣಿತಕ್ಕೆ ಜಿಯೊಜಿಬ್ರಾ ಎಂಬ ಉಚಿತ ತಂತ್ರಾಂಶ ಹೆಚ್ಚು ಉಪಯುಕ್ತ: ತ್ರಿಭುಜದ ಒಂದು ಮೂಲೆಯನ್ನು ಎಳೆದರೂ ಕೋನಗಳ ಮೊತ್ತ ಬದಲಾಗದಿರುವುದನ್ನು ಕರಿಹಲಗೆಯ ಮೇಲೆ ತೋರಿಸಲಾಗದು, ಇಲ್ಲಿ ತೋರಿಸಬಹುದು. ವಿಜ್ಞಾನದ ಪ್ರಯೋಗಗಳನ್ನು ಅನುಕರಿಸುವ ಫೆಟ್ ಮಾದರಿಗಳನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯ 2002ರಿಂದ ರೂಪಿಸುತ್ತ ಬಂದಿದ್ದು, ಕೆಲವು ಕನ್ನಡದಲ್ಲಿಯೂ ಇವೆ. ಇವನ್ನು ಮೊದಲೇ ಇಳಿಸಿಟ್ಟುಕೊಂಡರೆ ಅಂತರಜಾಲವಿಲ್ಲದ ಕೋಣೆಯಲ್ಲಿಯೂ ನಡೆಸಬಹುದು. ಆದರೆ ಉಪ್ಪನ್ನು ನೀರಿನಲ್ಲಿ ಕರಗಿಸಿ ನೋಡಲು ಒಂದು ಲೋಟವಿರುವಾಗ ಅದನ್ನು ಪರದೆಯಲ್ಲಿ ಕರಗಿಸಿ ತೋರಿಸುವ ಅಗತ್ಯವಿಲ್ಲ. ಕಣ್ಣಿಗೆ ಕಾಣದ ಅಣುಗಳ ಚಲನೆಗೆ ಮಾತ್ರ ಪರದೆ ಬೇಕು.

ಬಿಕರ್ನಕಟ್ಟೆಯಿಂದ ಅದೇ ಹೆದ್ದಾರಿಯಲ್ಲಿ ಕುಲಶೇಖರ, ಕುಡುಪುಗಳನ್ನು ದಾಟಿ ವಾಮಂಜೂರಿಗೆ ಹೋದರೆ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರ ಸಿಗುತ್ತದೆ. ಅದರ ಆವರಣದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಮಕ್ಕಳನ್ನು ಕರೆದೊಯ್ಯುವ ಮುನ್ನ ಪ್ರಶಿಕ್ಷಣಾರ್ಥಿ ತಾನೊಮ್ಮೆ ಹೋಗಿ ನೋಡಿ, ಅಲ್ಲಿ ಕೇಳಬೇಕಾದ ನಾಲ್ಕಾರು ಪ್ರಶ್ನೆಗಳನ್ನು ಬರೆದುಕೊಂಡು ಬರುವುದು ಉತ್ತಮ.